ಬಾರದವರ ಪಟ್ಟಿ

ಗುದೈಬಿಯಾದ ಆ ಹಿಂದಿನ ಕೋಣೆ
ಶುಕ್ರವಾರ ಐದೂ ಕಾಲಿಗೆ ನಮ್ಮದಾಗುತ್ತದೆ.
ಅಲ್ಲಿಯವರೆಗೆ ತೆಲುಗಿನವರದು,
ಏಳರ ನಂತರ ಫಿಲಿಪಿನೊಗಳದು.
ನಡುವಿನ ಒಂದೂ ಮುಕ್ಕಾಲು ಗಂಟೆ
ದೇವರಿಗೆ ಕನ್ನಡ ಬರುತ್ತದೆ.

ನಾನು ಹೋದದ್ದು ಪ್ರಾರ್ಥನೆಗಲ್ಲ.
ಎ.ಸಿ. ಕೆಟ್ಟಿತ್ತು, ಕರೆದಿದ್ದರು.
ಏಣಿ ಹತ್ತಿ ಫಿಲ್ಟರು ಕೊಡವಿದರೆ
ಮೂರು ಭಾಷೆಯ ಆಮೆನ್‌ಗಳ ಧೂಳು.
ಇಳಿದಾಗ ಮಗ್ದಲಕ್ಕ ಚಹಾ ಕೊಟ್ಟರು, ಮುಲ್ಕಿಯವರು,
ಆಸ್ಪತ್ರೆಯ ರಾತ್ರಿಪಾಳಿ ಕಣ್ಣಲ್ಲೇ ಇತ್ತು:
"ಬೆಟಗೇರಿಯವನಾ? ಇಷ್ಟು ದಿನ ಎಲ್ಲಿದ್ದೆ ಮಾರಾಯ?"
ಉತ್ತರವಿರಲಿಲ್ಲ.
ಮುಂದಿನ ವಾರ ಬಂದು ಕುರ್ಚಿ ಹಾಕಿದೆ.

ಕುರ್ಚಿಯೇ ಎರಡು ವರ್ಷ.
ಆಮೇಲೆ ಕರ್ತನ ಭೋಜನದ ಲೋಟಗಳು,
ಹೆಬ್ಬೆರಳು ಹೋಗದಷ್ಟು ಸಣ್ಣವು;
ಕಿರುಬೆರಳಿಗೆ ಬಟ್ಟೆ ಸುತ್ತಿ ಒಂದೊಂದನ್ನೇ ಒರೆಸುತ್ತ
ಯಾರ ತುಟಿಯ ಗುರುತೆಂದು ಊಹಿಸುತ್ತಿದ್ದೆ.
ಆಮೇಲೆ ಬೀಗದ ಕೈ.
ಬೀಗದ ಕೈ ಸಿಕ್ಕ ದಿನ ನನ್ನ ದನಿ ಬದಲಾಯಿತಂತೆ.
ಕೇಳಿಸಿದ್ದು ನನಗಲ್ಲ.

ಕಾರ್ಯದರ್ಶಿಯಾದೆ. ಅಂಗಿಗೆ ಇಸ್ತ್ರಿ ಬಂತು.
"ಸಮಯ ಪಾಲಿಸಿರಿ" ಎಂದು ಕೆಂಪು ಮಸಿಯಲ್ಲಿ ಬರೆದು
ಬಾಗಿಲಿಗೆ ಅಂಟಿಸಿದವನೂ ನಾನೇ.
ಆಗಸ್ಟಿನ ಒಂದು ಸಂಜೆ, ಕನ್ನಡಕದ ಮೇಲೆ ಸೆಕೆ ಕೂತ ಸಂಜೆ,
ಪ್ರಸಂಗ ಮುಗಿದು ಕಾಣಿಕೆ ಎತ್ತುವ ಹೊತ್ತಿಗೆ
ಬೀದರದ ಹನೋಕ ಬಂದ, ಬೂಟಿಗಿನ್ನೂ ಸಿಮೆಂಟು ಹಸಿ.
"ಇದು ಬಸ್‌ಸ್ಟ್ಯಾಂಡ್ ಅಲ್ಲ" ಅಂದೆ.
"ಖರೆ ಅದ ಅಣ್ಣ" ಅಂದು
ಚಪ್ಪಲಿಗಳ ಪಕ್ಕದಲ್ಲೇ ಕೂತ.

ಮರುವಾರ ಅವನಿಲ್ಲ. ಅದರ ಮರುವಾರವೂ.
ನಾನು ಕಾಣಿಕೆ ಎಣಿಸುತ್ತಿದ್ದೆ,
ಒಂದು ಫಿಲ್ಸೂ ತಪ್ಪಿರಲಿಲ್ಲ.
ಮಗ್ದಲಕ್ಕ ಹಾಜರಿ ಪುಸ್ತಕ ತಂದು
ನನ್ನ ನಾಣ್ಯಗಳ ಮೇಲೇ ತೆರೆದಿಟ್ಟರು.
ಅವರ ಪುಸ್ತಕದಲ್ಲಿ ಬಂದವರ ಹೆಸರೇ ಇಲ್ಲ:
ಯಾರು ಬರಲಿಲ್ಲ, ಎಷ್ಟು ವಾರ,
ಯಾವ ಕ್ಯಾಂಪು, ಯಾವ ವಾರ್ಡು, ಯಾರ ಮನೆಯ ಅಡಿಗೆಮನೆ.
"ಬಂದವರು ಬಂದಿದ್ದಾರಲ್ಲ," ಅಂದರು,
"ಅವರಿಗೆ ನೀನು ಎಂತಕ್ಕೆ?"

ಸಲ್ಮಾಬಾದಿನ ಕ್ಯಾಂಪು, ಮೂರನೇ ಮಹಡಿ,
ಒಂದು ಕೋಣೆ, ಎಂಟು ಮಂಚ.
ದಾರಿಯುದ್ದಕ್ಕೂ ಕ್ಷಮೆಯ ಮಾತು ಬಾಯಿಪಾಠ ಮಾಡಿದ್ದೆ,
ಒಂದು ಡಬ್ಬಿ ಮೀನುಸಾರೂ ಇತ್ತು.
ಹನೋಕ ನಕ್ಕ. "ಓವರ್‌ಟೈಮ್ ಹಚ್ಯಾರ ಅಣ್ಣ,
ಅದಕ್ಕ ಬಂದಿಲ್ಲ. ನೀ ಅಂದದ್ದಕ್ಕಲ್ಲ.
ಬಸ್‌ಸ್ಟ್ಯಾಂಡ್ ಆಗಿದ್ರ ಛಲೋನೇ ಇತ್ತು,
ತಡಾ ಆದವ್ರನ್ನೂ ಹತ್ತಿಸ್ಕೋತಾರ."
ಸಾರು ಎಂಟು ಪಾಲಾಯಿತು.
ಹಿಂದಿರುಗುವಾಗ ವ್ಯಾನಿನಲ್ಲಿ ಹೊಳೆಯಿತು:
ನನ್ನ ಪಶ್ಚಾತ್ತಾಪಕ್ಕೂ ಇಸ್ತ್ರಿ ಹಾಕಿಕೊಂಡೇ ಹೋಗಿದ್ದೆ.

ಎ.ಸಿ. ಎಂಬುದು ತಂಪು ಹುಟ್ಟಿಸುವುದಿಲ್ಲ;
ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಸುರಿಯುತ್ತದೆ,
ಅದಕ್ಕೇ ಅದರ ಅರ್ಧ ದೇಹ ಯಾವಾಗಲೂ ಬಿಸಿಲಿನಲ್ಲಿ.
ಹನ್ನೊಂದು ವರ್ಷ ದುಡಿದ ಮೆಕ್ಯಾನಿಕ್ಕಿಗೆ ಇದು ಗೊತ್ತಿತ್ತು.
ಕಾರ್ಯದರ್ಶಿಗೆ ಗೊತ್ತಿರಲಿಲ್ಲ.

ಈಗ ಶುಕ್ರವಾರ ಮಧ್ಯಾಹ್ನ ವ್ಯಾನು ಓಡಿಸುತ್ತೇನೆ:
ಸಲ್ಮಾಬಾದ್, ಸಿತ್ರಾ, ಆಸ್ಪತ್ರೆಯ ಹಿಂಬಾಗಿಲು.
ಕೆಲವೊಮ್ಮೆ ಒಬ್ಬರೂ ಹತ್ತುವುದಿಲ್ಲ.
ಸಿಟ್ಟು ಬರುತ್ತದೆ, ಬಂದಷ್ಟೇ ಬೇಗ ಹೋಗುವುದೂ ಇಲ್ಲ.
ಕೆಂಪು ಮಸಿಯ ಕಾಗದ ಕಿತ್ತೆ; ಗಮ್ಮು ಇನ್ನೂ ಬಾಗಿಲಲ್ಲಿದೆ.

ಮಗ್ದಲಕ್ಕನ ವೀಸಾ ಮಾರ್ಚಿಗೆ ಮುಗಿಯಿತು.
ಪುಸ್ತಕ ನನ್ನ ಕೈಗಿಟ್ಟರು, ಭಾಷಣ ಮಾಡಲಿಲ್ಲ,
ಪೆನ್ನು ಮಾತ್ರ ವಾಪಸು ಕೇಳಿ ಇಸಕೊಂಡರು.
ಅವರು ಹೋದ ಮೊದಲ ಶುಕ್ರವಾರ
ಬಾರದವರ ಪಟ್ಟಿಯಲ್ಲಿ ಅವರದೇ ಹೆಸರು ಬರೆದು
ಮುಲ್ಕಿಗೆ ಫೋನು ಮಾಡಿದೆ.
"ನನ್ನದು ಬಿಡು. ಕಿಟಕಿ ಹತ್ತಿರದ ಎ.ಸಿ.
ಇನ್ನೂ ಸೋರ್ತದಾ?"

ಸೋರುತ್ತದೆ.
ಪ್ರಸಂಗದುದ್ದಕ್ಕೂ ಕೆಳಗಿನ ಬಕೀಟಿಗೆ ತಟ್, ತಟ್.
ಆಶೀರ್ವಾದದ ನಂತರ ಅದನ್ನೆತ್ತಿ
ಹೊರಗಿನ ಬಾದಾಮಿ ಗಿಡದ ಬುಡಕ್ಕೆ ಹೊಯ್ದೆ.
ಒಳಗೆ ಫಿಲಿಪಿನೊ ಹುಡುಗನೊಬ್ಬ
ಆಗಲೇ ಕುರ್ಚಿ ಹಾಕುತ್ತಿದ್ದ.